ಮಂಚದ ನಂಬರಿಗೆ ಕೊಟ್ಟ ಗಂಜಿ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನನ್ನ ಗಂಡ ಚೆಲುವಯ್ಯನವರ ಸಾವಿಗೆ ‘ರೋಗಿಯ ಕಡೆಯವರು ಅನುಮತಿಯಿಲ್ಲದೆ ಮಂಚ ಬದಲಾಯಿಸಿದ್ದೇ ಕಾರಣ’ ಎಂದು ತಾವು ಸಹಿ ಹಾಕಿ ಕಳಿಸಿದ ವಿಚಾರಣಾ ವರದಿ ತಲುಪಿತು. ಅದನ್ನು ನಾನು ಒಪ್ಪುವುದಿಲ್ಲ. ನಾನು ಏಳನೇ ತರಗತಿ ಓದಿದವಳು. ದಿನಕ್ಕೆ ನಾಲ್ಕು ಸಾಲು ನನಗಾಗಿ ಬರೆದಿಟ್ಟುಕೊಳ್ಳುವುದು ಬಿಟ್ಟರೆ ಬೇರೆ ಬರವಣಿಗೆ ಗೊತ್ತಿಲ್ಲ. ಆದರೂ ತಮಗೆ ಈ ಕಾಗದವನ್ನು ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ. ನಂಜನಗೂಡು ಕಡೆಯವರೂ ನರಸೀಪುರದ ಕಡೆಯವರೂ ಆಪರೇಷನ್ನಿಗೆ ನಿಮ್ಮಲ್ಲಿಗೇ ಬರುತ್ತಾರೆ. ಅವರಿಗೂ ಇದು ಗೊತ್ತಿರಲಿ.

ಗಂಡಸರ ಸರ್ಜಿಕಲ್ ವಾರ್ಡಿನಲ್ಲಿ ಮಂಚಗಳು ಎರಡು ಸಾಲು. ಒಂದು ಸಾಲಿನವರ ತಲೆ ದಕ್ಷಿಣಕ್ಕೆ, ಎದುರು ಸಾಲಿನವರ ತಲೆ ಉತ್ತರಕ್ಕೆ. ನಮ್ಮವರು ದಕ್ಷಿಣದ ಸಾಲಿನ ನಾಲ್ಕನೇ ಮಂಚದಲ್ಲಿದ್ದರು. ಎದುರಿನ ಹನ್ನೊಂದರಲ್ಲಿ ತಲಕಾಡಿನ ಮಾದಯ್ಯ ಎಂಬ ವಯಸ್ಸಾದವರು. ಅವರಿಗೆ ನಮ್ಮವರಿಗಿಂತ ಒಂದು ದಿನ ಮೊದಲೇ ಹರ್ನಿಯಾ ಆಪರೇಷನ್ ಆಗಿತ್ತು. ನಮ್ಮವರ ಆಪರೇಷನ್ನಿನ ದಿನ ಬೆಳಿಗ್ಗೆ ಮಾದಯ್ಯನವರು ಎದ್ದವರೇ ಜಗಳ ಶುರು ಮಾಡಿದರು.

“ಉತ್ತರಕ್ಕೆ ತಲೆ ಆಕ್ಕೊಂಡು ಮಲಗಕ್ಕೆ ನಾನೇನು ಎಣವಾ ಸಿಸ್ಟರಮ್ಮಾ? ಯಮ ಉಡುಕೋ ಕೆಲಸನೇ ಇಲ್ದಂಗೆ ಮಾಡಿದ್ದೀರಲ್ಲ!”

ನಮ್ಮವರಿಗೆ ನಗು. “ಬಾ ತಾತ, ನನ್ ಮಂಚ ತಕ್ಕೋ. ನಾನೆಂಗಿದ್ರೂ ಥಿಯೇಟ್ರಿಗೆ ಓಯ್ತಿವ್ನಿ, ಅಲ್ಲಿ ಯಾವ ಕಡೀಕೆ ಮಲಗಿಸ್ತಾರೋ ಯಾರ್ ಕಂಡೋರು?”

ಬೆಳಗಿನ ಪಾಳಿಯ ಸಿಸ್ಟರು ಅಲ್ಲೇ ಇದ್ದರು. “ಆಯ್ತು ಅಜ್ಜ, ಬನ್ನಿ. ನನ್ನ ತಲೆ ತಿನ್ನೋದು ಬಿಟ್ರೆ ಸಾಕು” ಎಂದು ತಾವೇ ಕೈಹಿಡಿದು ದಾಟಿಸಿದರು. ಇದು ಅನುಮತಿಯಲ್ಲದಿದ್ದರೆ ಅನುಮತಿ ಎಂದರೆ ಯಾವುದು ಸ್ವಾಮಿ? ದಿಕ್ಕು ಬದಲಿಸಲು ತಹಶೀಲ್ದಾರರಿಗೆ ಅರ್ಜಿ ಹಾಕಬೇಕಿತ್ತೇ?

ನಮ್ಮವರ ಕರುಳು ಕತ್ತರಿಸಿ ಹೊಲಿದಿದ್ದರು. ಮತ್ತೆ ಹೇಳುವವರೆಗೆ ಬಾಯಿಗೆ ತೊಟ್ಟು ನೀರೂ ಬೇಡವೆಂದು ಡಾಕ್ಟರು ನನಗೂ ಬೆಳಗಿನ ಸಿಸ್ಟರಿಗೂ ಹೇಳಿದರು. ಹನ್ನೊಂದನೇ ಮಂಚಕ್ಕೆ ತಂದು ಮಲಗಿಸುವಷ್ಟರಲ್ಲಿ ಪಾಳಿ ಬದಲಾಗುವ ಹೊತ್ತಾಯಿತು. ಆಗ ವಾಚ್‌ಮನ್ ನಮ್ಮನ್ನೆಲ್ಲ ಹೊರಗಟ್ಟಿ ಬಾಗಿಲು ಹಾಕುತ್ತಾನೆ. ಹೋಗುವ ಸಿಸ್ಟರು ಬರುವ ಸಿಸ್ಟರಿಗೆ ಮೇಜಿನ ಬಳಿಯೇ ನಿಂತು ವಾರ್ಡು ಒಪ್ಪಿಸುತ್ತಾರೆ. ಹೆಸರಿಲ್ಲ, ಮುಖವಿಲ್ಲ, ಮಂಚದ ನಂಬರು ಮಾತ್ರ. ಅಂದು ಒಪ್ಪಿಸಿದ ಮಾತನ್ನು ಬೆಳಗಿನ ಸಿಸ್ಟರೇ ತಿಥಿಯಾದ ಮೇಲೆ ನಮ್ಮ ಮನೆಗೆ ಬಂದು ಅಳುತ್ತ ಹೇಳಿದರು: “ನಾಲ್ಕಕ್ಕೆ ಬಾಯಿಗೆ ಏನೂ ಬೇಡ, ಹನ್ನೊಂದಕ್ಕೆ ಸಂಜೆ ಗಂಜಿ ಕೊಡಬಹುದು ಅಂದುಬಿಟ್ಟೆ ಕಣಮ್ಮ. ಬೆಳಿಗ್ಗೆ ಬದಲಾಯಿಸಿದ್ದು ನೆನಪಿಗೇ ಬರಲಿಲ್ಲ. ಮನೆಗೆ ಹೋಗೋ ಬಸ್ಸು ಬಂದುಬಿಟ್ಟಿತ್ತು.”

ಸಂಜೆ ಆಯಾ ಗಂಜಿ ತಂದಳು. ನಾನು ತಡೆದು ಸಂಜೆಯ ಸಿಸ್ಟರನ್ನು ಕರೆದೆ. “ಡಾಕ್ಟ್ರು ಏನೂ ಬ್ಯಾಡ ಅಂದವ್ರೆ ಸಿಸ್ಟರ್.”

“ಡ್ಯೂಟಿ ಒಪ್ಪಿಸುವಾಗ ಕೊಡಿ ಅಂತಾನೇ ಹೇಳಿ ಹೋಗಿದ್ದಾರೆ. ಇಲ್ಲಿ ನರ್ಸು ನಾನೋ ನೀವೋ? ಸ್ವಲ್ಪ ಆಚೆ ನಿಂತ್ಕೊಳ್ಳಿ.”

ಎದುರು ಸಾಲಿನಲ್ಲಿ ಮಾದಯ್ಯನವರು ಕೂಗುತ್ತಿದ್ದರು. “ನಂಗಿಲ್ವಾ ಗಂಜಿ? ಒಟ್ಟೆ ಉರೀತದೆ ಕಣ್ರವ್ವಾ!” ಅವರಿಗೆ ಸಿಕ್ಕಿದ್ದು, “ನಿಮಗೆ ಇವತ್ತು ಏನೂ ಇಲ್ಲ, ಸುಮ್ಮನೆ ಮಲಗಿ.”

ಮಂಪರಿನಲ್ಲಿದ್ದ ನಮ್ಮವರು ಬಾಯಿಗಿಟ್ಟಿದ್ದನ್ನು ನುಂಗಿದರು. ಆಮೇಲೆ ವಾಂತಿ, ಅದು ಶ್ವಾಸಕೋಶಕ್ಕಿಳಿಯಿತು. ಮೈಸೂರಿಗೆ ಸಾಗಿಸಿದಿರಿ. ಅಲ್ಲಿಂದ ಅವರನ್ನು ಮಣ್ಣಿಗೇ ತಂದೆವು.

ತಾವು ಸಂಜೆಯ ಸಿಸ್ಟರನ್ನು ಸಸ್ಪೆಂಡ್ ಮಾಡಿ, ನನ್ನನ್ನು ದೂರಿ, ಫೈಲು ಮುಚ್ಚಿದಿರಿ. ಆ ಹುಡುಗಿ ಕೇಳಿಸಿಕೊಂಡಿದ್ದನ್ನೇ ಮಾಡಿದಳು. ವಾರ್ಡಿಗೆಲ್ಲ ಒಬ್ಬಳೇ ಸಿಸ್ಟರು, ಮಂಚ ಸಾಲದೆ ನೆಲದ ಮೇಲೂ ರೋಗಿಗಳು. ಅವಳನ್ನು ಮನೆಗೆ ಕಳಿಸಿದ ಮೇಲೆ ಪಾಳಿ ಬದಲಾಗುವ ರೀತಿ ಬದಲಾಯಿತೇ? ನಾನು ಹೋಗಿ ನೋಡಿ ಬಂದೆ. ಅದೇ ಮೇಜು, ಅದೇ ನಂಬರುಗಳು, ಅದೇ ಮುಚ್ಚಿದ ಬಾಗಿಲು. ಹಾಗಿದ್ದರೆ ಉತ್ತರ ದಿಕ್ಕನ್ನೂ ಒಮ್ಮೆ ಸಸ್ಪೆಂಡ್ ಮಾಡಿಬಿಡಿ, ವಿಚಾರಣೆ ಪೂರ್ತಿಯಾಗಲಿ. ನಮ್ಮೂರಿನ ಮಿಲ್ಲಿಗೆ ಭತ್ತ ಹಾಕುವಾಗಲೂ ಇದು ಇಂಥವರ ಮನೆಯದು ಎಂದು ಮೂಟೆ ಮುಟ್ಟಿ ಒಪ್ಪಿಸುತ್ತೇವೆ. ಹೊಟ್ಟೆ ಕೊಯ್ಯಿಸಿಕೊಂಡು ಮಲಗಿರುವ ಮನುಷ್ಯನಿಗೆ ಅಷ್ಟೂ ಇಲ್ಲವೇ?

ಈಗ ನನ್ನ ಅತ್ತೆ ಸಣ್ಣತಾಯಮ್ಮನವರ ಪಿತ್ತಕೋಶದಲ್ಲಿ ಕಲ್ಲು. ಸೋಮವಾರ ಅವರನ್ನು ನಿಮ್ಮಲ್ಲಿಗೇ ಸೇರಿಸಬೇಕು. ಬೇರೆ ಕಡೆಗೆ ಹೋಗುವ ಶಕ್ತಿ ನಮಗಿಲ್ಲ. “ನನ್ ಮಗನ್ನ ಕೊಟ್ಟಿದ್ದು ಸಾಲ್ದಾ? ನಾ ಬರಕಿಲ್ಲ ಓಗು” ಎಂದು ಗೋಡೆ ಕಡೆ ತಿರುಗಿ ಮಲಗಿದ್ದರು. ಆಮೇಲೆ ನನ್ನ ಕಡೆ ಹೊರಳಿ ಕೇಳಿದರು: “ನೀನು ನನ್ ಮಗ್ಗುಲಲ್ಲೇ ಇರ್ತೀಯಾ? ಆಚೀಕೆ ಅಟ್ಟಿದ್ರೂ ಓಗಕಿಲ್ವಾ?” ಹೋಗುವುದಿಲ್ಲ ಎಂದೆ.

ಆದ್ದರಿಂದ ಕೇಳುತ್ತಿದ್ದೇನೆ. ವರದಿಯಲ್ಲಿ ನಮ್ಮ ಮೇಲೆ ಹೊರಿಸಿದ ಆ ಸಾಲನ್ನು ಹೊಡೆದುಹಾಕಿ. ಪಾಳಿ ಬದಲಾಗುವಾಗ ಇಬ್ಬರು ಸಿಸ್ಟರೂ ಒಂದೊಂದು ಮಂಚದ ಬಳಿಗೂ ಬಂದು, ರೋಗಿಯ ಹೆಸರು ಹಿಡಿದು, ಮನೆಯವರೊಬ್ಬರ ಎದುರಿಗೆ ಒಪ್ಪಿಸಲಿ. ಹೋಗುವವರ ಬಸ್ಸು ತಪ್ಪದಂತೆ ಬರುವವರನ್ನು ಅಷ್ಟು ಹೊತ್ತು ಮೊದಲೇ ಕರೆಸುವುದು ನಿಮ್ಮ ಕೈಯಲ್ಲಿದೆ.

ಸೋಮವಾರದೊಳಗೆ ಆಗದಿದ್ದರೆ ಬಿಡಿ. ವಾಚ್‌ಮನ್ ಬಂದಾಗ ನಾನು ಅತ್ತೆಯ ಮಂಚ ಹಿಡಿದು ನಿಂತಿರುತ್ತೇನೆ. ಪೊಲೀಸರನ್ನು ಕರೆಸಬೇಕೆಂದಿದ್ದರೆ ಈಗಲೇ ಹೇಳಿಡಿ. ಅವರು ಬರುವಷ್ಟರಲ್ಲಿ ಸಿಸ್ಟರು ಇನ್ನೊಬ್ಬ ಸಿಸ್ಟರಿಗೆ “ಇವರು ಸಣ್ಣತಾಯಮ್ಮ” ಎಂದು ಹೇಳಿರುತ್ತಾರೆ.

ಇಂತಿ,
ಇಷ್ಟು ಗಟ್ಟಿಯಾಗಿ ಹಿಂದೆಂದೂ ಮಾತಾಡಿರದ
ಶಿವನಂಜಮ್ಮ, ಹದಿನಾರು ಗ್ರಾಮ