ಠಾಣೆಯ ಮುಂಬಾಗಿಲ ಕುರ್ಚಿ

ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ

ಮುನಿಸಿಕೊಂಡು ಹೋದ ಯಜಮಾನರಿಗೆ, ಇನ್ನೂ ಮುನಿಸು ಇಳಿಯದ ಹೆಂಡತಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿಯೇ ಇರುತ್ತೀರಿ, ಅತ್ತಿಗೆಯ ಕೈಯಡುಗೆ ಅಂದರೆ ನಿಮಗೆ ಮೊದಲಿಂದಲೂ ಪ್ರಾಣ. ಎಂಟು ತಿಂಗಳಲ್ಲಿ ಎರಡು ಕಾಗದ ಹಾಕಿದ್ದೀರಿ, ಎರಡರಲ್ಲೂ ಮನೆಗೆ ಬೀಗ ಹಾಕಿ ಬಂದುಬಿಡು ಅನ್ನುವ ಒಂದೇ ಮಾತು. ಗಡಿಯಾರ ರಿಪೇರಿ ಮಾಡಿ ಮಾಡಿ ನೀವೂ ಗಡಿಯಾರದ ಹಾಗೇ ಆಗಿದ್ದೀರಿ, ಹೇಳಿದ್ದನ್ನೇ ಹೇಳುತ್ತೀರಿ. ಬರಲಾಗುವುದಿಲ್ಲ. ಯಾಕೆ ಅಂತ ಈ ಸಲ ಬಿಡಿಸಿ ಬರೆಯುತ್ತೇನೆ.

ನೀವು ಹೊರಟಾಗ, ಗುಂಡು ಹಾರುವ ನಮ್ಮ ಬೀದಿಯಲ್ಲಿ ಹೆಂಗಸರು ಕುರ್ಚಿ ಹಾಕಿ ಕೂರುವುದು ಶುರುವಾಗಿ ತಿಂಗಳಾಗಿತ್ತಷ್ಟೇ. ಪ್ಲಾಸ್ಟಿಕ್ ಕುರ್ಚಿಗೆ ಗುಂಡು ನಿಲ್ಲುತ್ತದೇನೇ ಅಂತ ನಕ್ಕಿರಿ. ನಿಲ್ಲುವುದಿಲ್ಲ ಅಂತ ನಮಗೆ ಗೊತ್ತಿಲ್ಲವೇ? ಆದರೆ ಸ್ಕೂಲು ಬಿಡುವ ಹೊತ್ತಿಗೆ ಹದಿನಾಲ್ಕು ಹೆಂಗಸರು ಬೀದಿಯುದ್ದಕ್ಕೂ ಕೂತು ಗುಂಡಿ ಹೊಲಿಯುತ್ತಾ, ಬಟಾಣಿ ಸುಲಿಯುತ್ತಾ ಇದ್ದರೆ, ಆ ಕಡೆಯ ಪುಂಡರಿಗೂ ಈ ಕಡೆಯ ಪೊಲೀಸರಿಗೂ ಬಂದೂಕು ಎತ್ತಲು ಒಂದಿಷ್ಟು ಸಂಕೋಚ. ಅಷ್ಟರಲ್ಲಿ ಮಕ್ಕಳು ಮನೆ ಸೇರಿಕೊಳ್ಳುತ್ತವೆ. ನಾವು ಕೂರಲು ಶುರುಮಾಡಿದ ಮೇಲೆ ಒಂದು ಮಗುವಿಗೂ ಏಟು ಬಿದ್ದಿಲ್ಲ.

ನಮ್ಮ ಕಟ್ಟಳೆ ಮೂರೇ. ಏನೇ ಆದರೂ ಎದ್ದು ನಿಲ್ಲಬಾರದು. ಕೂಗಾಡಬಾರದು. ಒಬ್ಬರೇ ಕೂರಬಾರದು. ಇದರ ಜೊತೆಗೆ, ನಮ್ಮವರನ್ನು ಯಾರಾದರೂ ಹಿಡಿದುಕೊಂಡು ಹೋದರೆ ಕುರ್ಚಿ ಎತ್ತಿಕೊಂಡು ಠಾಣೆಗೆ ಹೋಗಿ, ಬಿಡುವವರೆಗೂ ಹೊರಗೆ ಕೂರುವುದು.

ಮೂಲೆಮನೆಯ ನರ್ಸಮ್ಮ ನೆನಪಿದ್ದಾಳಲ್ಲ? ನಿಮ್ಮ ಕೈಗೆ ಗಾಜು ಚುಚ್ಚಿದಾಗ ಹೊಲಿಗೆ ಹಾಕಿದವಳು. ಹೊಲಿಗೆಯಲ್ಲಿ ನನಗಿಂತ ಅವಳೇ ಮೇಲು ಅಂತ ಹೊಗಳಿ ನನ್ನಿಂದ ಬೈಸಿಕೊಂಡಿದ್ದಿರಿ. ಗಾಯ ಮಾಡಿಕೊಂಡು ಬಂದವರನ್ನು ನೀವು ಯಾವ ಕಡೆಯವರು ಅಂತ ಅವಳು ಯಾವತ್ತೂ ಕೇಳಿದವಳಲ್ಲ. ಅದೇ ಅವಳ ಅಪರಾಧವಾಯಿತು. ಹೋದ ತಿಂಗಳು ನಾವು ಕೂತಿದ್ದಾಗಲೇ ವ್ಯಾನು ಬಂತು. ನಿಮ್ಮಲ್ಲಿ ನರ್ಸ್ ಯಾರು ಅಂತ ಅಧಿಕಾರಿ ಕೇಳಿದ. ಯಾರೂ ಪಿಟಕ್ಕೆನ್ನಲಿಲ್ಲ. ಅವಳ ಗುರುತು ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿ ಬೇಸತ್ತು ಅವನು ವ್ಯಾನಿನ ಕಡೆ ತಿರುಗಿಯೂ ಆಗಿತ್ತು. ಆಗ ನರ್ಸಮ್ಮ, ಇನ್ನೂ ಚಿಕ್ಕ ಹುಡುಗಿ, ಹೆದರಿ ಎದ್ದು ನಿಂತುಬಿಟ್ಟಳು. ಏಳಬಾರದಲ್ಲ, ಅದಕ್ಕೇ ಯಾರೋ ಒಬ್ಬರು ಧೈರ್ಯ ಹೇಳಲು ಹೋಗಿ, ನರ್ಸಮ್ಮಾ ಕೂತ್ಕೋ, ನಾವೆಲ್ಲ ಇದೀವಿ ಅಂದುಬಿಟ್ಟರು. ಪ್ರೀತಿಯಿಂದಲೇ ಅಂದದ್ದು. ಅಧಿಕಾರಿ ಹಿಂತಿರುಗಿ ಬಂದ.

ಅವಳನ್ನು ಕರೆದೊಯ್ದು ಇವತ್ತಿಗೆ ಇಪ್ಪತ್ತೆರಡು ದಿನ. ಠಾಣೆಯ ಹೊರಗೆ ಕೂತಿದ್ದೇವೆ. ಈ ಕಾಗದವನ್ನೂ ಇಲ್ಲೇ, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ನಗಬೇಡಿ. ಎಲ್ಲರೂ ಇದ್ದಾರೆ, ಹರಟೆಗೇನೂ ಬರವಿಲ್ಲ. ಬಾಗಿಲ ಕಾವಲಿನವನು ಮೊದಲ ವಾರ ಗದರಿಸುತ್ತಿದ್ದ, ಮೊನ್ನೆ ಅವನೇ ಅಂಗಿ ತಂದು ಗುಂಡಿ ಹೊಲಿಸಿಕೊಂಡ. ಹೊಲಿಯುತ್ತಾ, ಒಳಗಿರುವ ಹುಡುಗಿ ಸರಿಯಾಗಿ ಊಟ ಮಾಡುತ್ತಾಳಾ ಅಂತ ಕೇಳಿದೆ. ತಲೆಯಾಡಿಸಿದ. ಹೌದು ಅಂತಲೋ ಇಲ್ಲ ಅಂತಲೋ ತಿಳಿಯಲಿಲ್ಲ.

ಮನೆಗೆ ಹೋದಾಗ ಮಾತ್ರ ಸ್ವಲ್ಪ ಕಷ್ಟ. ನೀವು ಬಿಟ್ಟುಹೋದ ಗಿರಾಕಿಗಳ ಗಡಿಯಾರಗಳಿಗೆ ಕೀ ಕೊಡುವುದನ್ನು ಸಿಟ್ಟಿಗೆ ನಿಲ್ಲಿಸಿದ್ದೆ. ಈಗ ದಿನಾ ಕೊಡುತ್ತೇನೆ. ಐದು ಗಡಿಯಾರ, ಒಂದೊಂದರಲ್ಲೂ ಒಂದೊಂದು ಹೊತ್ತು. ಇರಲಿ, ಮನೆಯಲ್ಲಿ ಸದ್ದಾದರೂ ಇರುತ್ತದೆ. ನಿಮ್ಮ ಮೇಲೆ ಕೋಪವಿದೆ. ನೀವಿಲ್ಲದೆ ನನಗೆ ತುಂಬಾ ಬೇಜಾರೂ ಆಗಿದೆ. ಎರಡನ್ನೂ ಬರೆದಿದ್ದೇನೆ, ಯಾವುದು ಬೇಕೋ ಅದನ್ನು ಓದಿಕೊಳ್ಳಿ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ. ನೀವು ಗಾಬರಿಯಾಗಿ ಓಡಿ ಬರುವುದೇನೂ ಬೇಡ, ಇಲ್ಲಿ ಜನಕ್ಕೆ ಕೊರತೆಯಿಲ್ಲ.

ಇಂತಿ,
ಕೋಪವಿದ್ದರೂ ನಿಮ್ಮವಳೇ ಆದ,
ಟೈಲರಮ್ಮ

ತಾ.ಕ.: ಕಾಗದ ಮಡಿಚಿದ್ದೆ, ಮತ್ತೆ ಬಿಚ್ಚಿದೆ. ನರ್ಸಮ್ಮಾ ಕೂತ್ಕೋ ಅಂದ ಆ ಯಾರೋ ಒಬ್ಬರು ನಾನೇ ರೀ. ಉಳಿದವರೆಲ್ಲ ಠಾಣೆಯ ಹಿಂಬಾಗಿಲಲ್ಲಿ ಕೂರುತ್ತಾರೆ, ನಾನು ಹತ್ತಿರ ಹೋದರೆ ಮಾತು ನಿಲ್ಲಿಸುತ್ತಾರೆ. ಮುಂಬಾಗಿಲಲ್ಲಿ ಇಪ್ಪತ್ತೆರಡು ದಿನದಿಂದ ನಾನೊಬ್ಬಳೇ. ನಿನ್ನೆ ನರ್ಸಮ್ಮನ ತಾಯಿಯನ್ನು ಮೊದಲ ಸಲ ಒಳಗೆ ಬಿಟ್ಟರು. ಹೊರಗೆ ಬಂದವರು ನನ್ನ ಮುಖ ನೋಡದೆ, ಟೈಲರಮ್ಮ ಒಬ್ಬರೇ ಕೂತಿಲ್ಲ ತಾನೇ ಅಂತ ಮಗಳು ಕೇಳಿದಳು, ಮುಂದಿನ ಸಲ ಏನಂತ ಹೇಳಲಿ ಅಂದರು. ಅವಳು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಮ್ಮ ಯಜಮಾನರು ಜೊತೆಗಿದ್ದಾರೆ ಅಂತ ಹೇಳಿ ಅಂದೆ. ಆ ತಾಯಿ ನನ್ನ ಪಕ್ಕದ ಖಾಲಿ ಜಾಗ ನೋಡಿದರು, ಹಿಂಬಾಗಿಲ ಕಡೆ ಹೊರಟುಹೋದರು. ಮುಂದಿನ ಗುರುವಾರ ಅವರನ್ನು ಮತ್ತೆ ಒಳಗೆ ಬಿಡುತ್ತಾರೆ. ಅಷ್ಟರೊಳಗೆ ಬಂದುಬಿಡಿ. ಆ ಹುಡುಗಿಗೆ ನಾನು ಮಾಡಿದ್ದೇ ಸಾಕು, ಸುಳ್ಳು ಬೇರೆ ಹೇಳಿದ ಹಾಗಾಗಬಾರದು.