ನಾನೂರ ಎಪ್ಪತ್ತು ಕಿಲೋಮೀಟರ್ ಎಂದು ಬರೆದುಕೊಟ್ಟವರಿಗೆ

ವಾಹನಗಳ ಓಟದ ದೂರಕ್ಕೆ ಪ್ರಮಾಣಪತ್ರ ಕೊಡುವ ಮಾನ್ಯ ಅಧಿಕಾರಿಗಳೇ,

ನೀವು ರುಜು ಹಾಕಿದ ಒಂದು ಅಂಕಿಯನ್ನು ನಾನು ನಂಬಿದ್ದರಿಂದ ನನ್ನ ಹೆಂಡತಿ ಭಾಗಮ್ಮನಿಗೆ ಹೆತ್ತ ತಾಯಿಯ ಮುಖವನ್ನು ಕಡೆಯ ಸಲ ನೋಡುವುದು ತಪ್ಪಿಹೋಯಿತು. ಆ ಅಂಕಿ ನಾನೂರ ಎಪ್ಪತ್ತು. ನನ್ನ ಚಿಕ್ಕ ವಿದ್ಯುತ್ ಎಸ್‌ಯುವಿಗೆ ಒಮ್ಮೆ ಪೂರ್ತಿ ಚಾರ್ಜ್ ತುಂಬಿದರೆ ಅಷ್ಟು ಕಿಲೋಮೀಟರ್ ಓಡುತ್ತದೆಂದು ನಿಮ್ಮ ಕಚೇರಿ ಬರೆದುಕೊಟ್ಟಿದೆ.

ಮೂವತ್ತೊಂದು ವರ್ಷ ಬಸವಕಲ್ಯಾಣದಲ್ಲಿ ಗಣಿತ ಕಲಿಸಿದವನು ನಾನು. ಹಂತಗಳನ್ನು ತೋರಿಸದೆ ಬರೀ ಉತ್ತರ ಬರೆದ ಹುಡುಗರಿಗೆ ಮುಲಾಜಿಲ್ಲದೆ ಸೊನ್ನೆ ಕೊಟ್ಟಿದ್ದೇನೆ. ನಿಮ್ಮ ಉತ್ತರಕ್ಕೆ ಮಾತ್ರ ಹಂತ ಕೇಳಲಿಲ್ಲ, ಮೊಹರು ಇತ್ತಲ್ಲ! ಆ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ಕಾರಿನಲ್ಲಿಟ್ಟುಕೊಂಡು, ಕೂತವರಿಗೆಲ್ಲ ಓದಿ ಹೇಳುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಕಳೆದ ಮೇ ತಿಂಗಳಲ್ಲಿ ನಾವು ಪುಣೆಯಲ್ಲಿ ಮಗಳು ವಿಜಯಶ್ರೀಯ ಮನೆಯಲ್ಲಿದ್ದೆವು. ಒಂದು ಬೆಳಿಗ್ಗೆ ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯಿಂದ ಫೋನ್ ಬಂತು. ಅತ್ತೆ ತೀರಿಕೊಂಡಿದ್ದರು. ಮಧ್ಯಾಹ್ನ ಮೂರಕ್ಕೆ ಮಣ್ಣು. ದಾರಿ ಸುಮಾರು ನಾನೂರು ಕಿಲೋಮೀಟರ್. ಅಳಿಯ ಸತೀಶಕುಮಾರ ತನ್ನ ಡೀಸೆಲ್ ಕಾರಿನ ಕೀಲಿ ತೆಗೆದ. "ಮಾವಾರ, ಇದರಾಗ ಹೋಗೂಣ್ರಿ. ನಡುವ ನಿಲ್ಲೂದಿರಂಗಿಲ್ಲ," ಎಂದ. ನಾನು ನಿಮ್ಮ ಕಾಗದ ತೋರಿಸಿದೆ. "ನಾನೂರ ಎಪ್ಪತ್ತದ. ಎಪ್ಪತ್ತು ಇನ್ನಾ ಉಳೀತದ," ಎಂದೆ. ಭಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಇವತ್ತೊಂದಿನ ಅವನ ಮಾತು ಕೇಳ್ರಿ," ಎಂದಳು. ನಾನು ಕೇಳಲಿಲ್ಲ. ಲೆಕ್ಕ ನನ್ನ ಕಡೆಗಿತ್ತು.

ರಾತ್ರಿಯೇ ಪೂರ್ತಿ ಚಾರ್ಜ್ ತುಂಬಿಸಿಟ್ಟಿದ್ದ ನನ್ನ ಕಾರಿನಲ್ಲಿ ಐದು ಜನ ಹೊರಟೆವು. ನಾವಿಬ್ಬರು, ಮಗಳು, ಅಳಿಯ ಮತ್ತು ಅಳಿಯನ ತಂದೆ, ಅಂದರೆ ನಮ್ಮ ಬೀಗರಾದ ಮಲ್ಲಿಕಾರ್ಜುನಪ್ಪನವರು. ಬೀಗರದು ತುಂಬು ಶರೀರ. ನಿಮ್ಮ ಪರೀಕ್ಷೆಯಲ್ಲಿ ಕಾರು ರೋಲರುಗಳ ಮೇಲೆ ನಿಂತಲ್ಲೇ ಓಡುತ್ತದಂತೆ. ಹಾಗಾದರೆ ಅಲ್ಲಿ ಎದುರುಗಾಳಿ ಇದೆಯೇ? ನಲವತ್ಮೂರು ಡಿಗ್ರಿ ಬಿಸಿಲಿದೆಯೇ? ಎಸಿ ಹಾಕುತ್ತೀರೋ, ಇಲ್ಲವೋ? ನಿಮ್ಮ ಚಾಲಕನಿಗೆ ಬೀಗರು ನೆಂಟರು ಯಾರೂ ಇಲ್ಲವೆಂದು ಕಾಣುತ್ತದೆ.

ಸೊಲ್ಲಾಪುರ ಮುಟ್ಟುವಾಗ ಇನ್ನೂರೈವತ್ತು ಕಿಲೋಮೀಟರ್ ಓಡಿದ್ದೆವು. ಇನ್ನೂರಿಪ್ಪತ್ತು ಉಳಿಯಬೇಕಿತ್ತು. ಕಾರಿನ ಪರದೆಯಲ್ಲಿದ್ದದ್ದು ನಲವತ್ತು. ಒಂದು ಕಡೆ ಚಾರ್ಜಿಂಗ್ ಯಂತ್ರ ಕೆಟ್ಟಿತ್ತು. ಇನ್ನೊಂದು ಕಡೆ ನಮಗಿಂತ ಮುಂದೆ ಮೂರು ಗಾಡಿಗಳಿದ್ದವು. ಎರಡೂವರೆ ತಾಸು ಅಲ್ಲೇ ಹೋಯಿತು. ಪರದೆ ಇನ್ನೂರ ಹತ್ತು ತೋರಿಸಿದ ತಕ್ಷಣ ನಾನೇ ವೈರು ಕಿತ್ತೆ. ಮುಂದಿನ ದಾರಿ ನೂರೈವತ್ತೈದು ಮಾತ್ರ. ಬೆಳಗಿನಿಂದ ಸುಳ್ಳು ಹೇಳಿದ ಪರದೆಯನ್ನು ಮಧ್ಯಾಹ್ನ ಮತ್ತೆ ನಂಬಿದೆನಲ್ಲ, ನನ್ನಂಥ ಗಣಿತ ಮಾಸ್ತರ ಇನ್ನೊಬ್ಬನಿದ್ದಾನೆಯೇ? ದುಬಲಗುಂಡಿಗೆ ಫೋನ್ ಮಾಡಿ, "ನಾಕೂವರಿಗಿ ಬರ್ತೀವಿ, ತಡೀರಿ," ಎಂದೆ. ಅವರು ನನ್ನ ಮಾತು ನಂಬಿ ತಡೆದರು.

ಉಮರ್ಗಾದಲ್ಲಿ ಪರದೆ ಐವತ್ತೆಂಟಕ್ಕೆ ಇಳಿದಿತ್ತು. ದಾರಿ ಇನ್ನೂ ಅರವತ್ತೈದು. ಮತ್ತೆ ಚಾರ್ಜಿಗೆ ನಿಂತರೆ ಇನ್ನೊಂದು ತಾಸು. ಎಸಿ ಆರಿಸಿದೆ. ಆಮೇಲೆ ಮಾಡಬಾರದ ಕೆಲಸ ಮಾಡಿದೆ. ನಮ್ಮ ಕಡೆ ಬೀಗರನ್ನು ಊಟಕ್ಕೆ ಕರೆಯುವುದು ಒಂದು ಹೊತ್ತು ತಡವಾದರೂ ವರ್ಷಗಟ್ಟಲೆ ಮಾತು ಬರುತ್ತದೆ. ಅಂಥ ಬೀಗರನ್ನು, ಗಾಡಿ ಹಗುರಾಗಲೆಂದು, ಬಸ್ ನಿಲ್ದಾಣದ ಬಿಸಿಲಲ್ಲಿ ಇಳಿಸಿದೆ. ಪುಣ್ಯಾತ್ಮರು ಕೈಚೀಲ ತೆಗೆದುಕೊಂಡು, "ಇರ್ಲಿ ಬಿಡ್ರಿ, ನಾ ಬಸ್ಸಿಗಿ ಬರ್ತೀನಿ. ಭಾಗಮ್ಮ ತಂಗಿ ಮೊದಲ ಮುಟ್ಟಲಿ," ಎಂದರು.

ರಾಜೇಶ್ವರದ ಬಳಿ ಕಾರು ನಿಂತಿತು. ಬಾನೆಟ್ಟಿನ ಪಕ್ಕ ನಾವು ನಾಲ್ವರು ನಿಂತಿರುವಾಗ ಹುಮನಾಬಾದಿನ ಬಸ್ಸೊಂದು ನಿಲ್ಲದೆ ಹಾದುಹೋಯಿತು. ಬೀಗರು ಅದರಲ್ಲೇ ಇದ್ದರೆಂದು ಆಮೇಲೆ ತಿಳಿಯಿತು. ಅರ್ಧ ತಾಸಿನ ಮೇಲೆ ಯುನೂಸ್ ಎಂಬಾತ ಉಳ್ಳಾಗಡ್ಡಿ ಚೀಲ ಹೇರಿದ ಆಟೋ ನಿಲ್ಲಿಸಿ, "ಅಮ್ಮಾ, ನೀವು ಮುಂದ ಕೂಡ್ರಿ," ಎಂದ. ನಾನು ಚೀಲದ ಮೇಲೆ ಕೂತೆ. ಮಗಳು, ಅಳಿಯ ಕಾರಿನ ಹತ್ತಿರ ಉಳಿದರು.

ಮೂರರಿಂದ ಕಾದು ಕಾದು, ಹೊತ್ತು ಇಳಿಯಿತೆಂದು ಐದೂಮುಕ್ಕಾಲಿಗೆ ಮಣ್ಣು ಕೊಟ್ಟಿದ್ದರು. ನಾವು ಮುಟ್ಟಿದ್ದು ಆರೂಕಾಲಿಗೆ. ಮುಂಚೆಯೇ ಬಂದಿದ್ದ ಬೀಗರು ಮುಖ ನೋಡಿ, ಹೂವು ಏರಿಸಿ, "ಮಗಳು ಬರಾಕತ್ತಾಳ, ಇನ್ನೊಂದೀಟು ತಡೀರಿ," ಎಂದು ಹಿರಿಯರ ಕೈ ಹಿಡಿದು ಬೇಡಿಕೊಂಡಿದ್ದರಂತೆ. ಭಾಗಮ್ಮ ಮುಚ್ಚಿದ ಕುಣಿಯ ಮೇಲೆ ಒಂದು ಹಿಡಿ ಮಣ್ಣು ಹಾಕಿದಳು. ಆಮೇಲೆ ಬೀಗರ ಕಡೆ ತಿರುಗಿ ಕೇಳಿದಳು: "ಅಣ್ಣಾ, ನಮ್ಮವ್ವನ ಮುಖ ಹ್ಯಾಂಗಿತ್ರಿ?"

"ನಿದ್ದಿ ಹತ್ತಿದಂಗ ಇತ್ತವ್ವಾ," ಎಂದು ಅವರು ತಲೆ ತಗ್ಗಿಸಿದರು.

ಪ್ರಮಾಣಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ 'ವಾಸ್ತವದಲ್ಲಿ ವ್ಯತ್ಯಾಸವಾಗಬಹುದು' ಎಂದಿದೆ ಎಂದು ತಾವು ಉತ್ತರಿಸಬಹುದು. ಓದಿದ್ದೇನೆ, ಸ್ವಾಮಿ. ಸುಮಾರು ಇನ್ನೂರು ಕಿಲೋಮೀಟರು ನಿಮ್ಮ ಭಾಷೆಯಲ್ಲಿ ವ್ಯತ್ಯಾಸವೇ? ನನ್ನ ತಪ್ಪು ನನಗಿದೆ. ಅದನ್ನು ಮನೆಯಲ್ಲಿ ದಿನವೂ ಅನುಭವಿಸುತ್ತಿದ್ದೇನೆ. ಭಾಗಮ್ಮ ಆ ಕಾರು ಹತ್ತುವುದಿಲ್ಲ, ಬಸ್ಸಿಗೆ ಹೋಗುತ್ತಾಳೆ. ನಿಮ್ಮ ತಪ್ಪು ಎಲ್ಲಿದೆ?

ನನಗೆ ಪರಿಹಾರ ಬೇಡ, ವಿಷಾದಪತ್ರವೂ ಬೇಡ. ಆ ಅಂಕಿಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಇನ್ನೊಂದು ಅಂಕಿ ಅಚ್ಚಾಗಬೇಕು: ಮೇ ತಿಂಗಳು, ಹೆದ್ದಾರಿ, ಎಸಿ, ಐದು ಜನ. ಅದನ್ನು ಅಳೆಯುವ ದಿನ ತಾವೇ ಹಿಂದಿನ ಸೀಟಿನಲ್ಲಿ ಕೂರಬೇಕು. ಚಾರ್ಜ್ ಸಾಲದೆ ಬಂದರೆ ಉಮರ್ಗಾದಲ್ಲಿ ಇಳಿಯಿರಿ. ಬಸ್ಸಿದೆ.

ಇಂತಿ,
ಬೀಗರನ್ನು ದಾರಿಯಲ್ಲಿಳಿಸಿ ಅವರಿಗಿಂತ ಹಿಂದೆ ಮುಟ್ಟಿದ ದುಬಲಗುಂಡಿಯ ಅಳಿಯ,
ಶಂಕರಲಿಂಗ, ನಿವೃತ್ತ ಗಣಿತ ಶಿಕ್ಷಕ
ಬಸವಕಲ್ಯಾಣ