ನನ್ನ ಮರದ ಮೆಟ್ಟು

ಪ್ಯಾರಿಸ್, 1851

ಯಜಮಾನರೇ,

ನಿಮ್ಮ ಹೊಸ ಪ್ರೇಮದೇವತೆಗೆ ರೂಪದರ್ಶಿಯಾಗಿ ನಿಲ್ಲಲು ನಾನಿನ್ನು ಬರುವುದಿಲ್ಲ. ಹೋದ ಸಲದ ದೇವತೆಗೆ ಮುಖ ಮಾತ್ರ ನನ್ನದು ಬರೆದು, ನನ್ನ ಒಡೆದ ಹಿಮ್ಮಡಿ ಅಸಹ್ಯವೆಂದು ಗಾರೆಯ ಗೊಂಬೆಯ ಕಾಲು ನೋಡಿ ಬರೆದಿರಿ. ದುಡಿದ ಕಾಲಿಗೆ ನಿಮ್ಮ ಕಲೆಯಲ್ಲಿ ಜಾಗವಿಲ್ಲ.

ಚಿತ್ರಪ್ರದರ್ಶನಕ್ಕೆ ಅವ್ವನನ್ನು ಕರೆದೊಯ್ದಿದ್ದೆ. ನಿಮ್ಮ ಆ ದೇವತೆಯ ಮುಂದೆ ನಿಂತು, "ಯಾರೇ ಈ ಬೆಣ್ಣೆಮುದ್ದೆ? ಚಳಿ ಆಗಲ್ವಂತಾ ಇವಳಿಗೆ?" ಅಂದಳು.

ನೀವು ಹುಚ್ಚನೆಂದು ಬೈಯುವ ಆ ತರುಣ ಕಲಾವಿದನ ಚಿತ್ರವೂ ಅಲ್ಲೇ ಇತ್ತು; ಅದರಲ್ಲಿ ನಾನು ಬಗ್ಗಿ ಬಟ್ಟೆ ಒಗೆಯುತ್ತಿದ್ದೇನೆ. ಅದನ್ನು ಕಂಡದ್ದೇ, "ಅಯ್ಯೋ, ನಮ್ಮ ಓಡೀಲ್! ಸೊಂಟ ಬಿದ್ದುಹೋಗ್ತದೆ, ಏಳೇ ಸಾಕು!" ಎಂದು ಕೂಗಿದಳು. ಸುತ್ತಲಿನವರು ನಕ್ಕರು. ನಾನು ಹಿಗ್ಗಿದೆ.

ನಿಮ್ಮ ಒಲೆಯ ಹಿಂದೆ ನನ್ನ ಮರದ ಮೆಟ್ಟು ಬಿಟ್ಟಿದ್ದೇನೆ, ಕಳಿಸಿಕೊಡಿ. ಆ ತರುಣನ ಮುಂದಿನ ಚಿತ್ರಕ್ಕೆ ಅವನ್ನು ಮೆಟ್ಟಿಕೊಂಡೇ ನಿಲ್ಲಬೇಕು.

ಇಂತಿ,
ಬಟ್ಟೆ ಒಗೆಯುವ ಓಡೀಲ್